ಕುಣಿತದ ವಿಡಿಯೊದಲ್ಲಿ ಕಾಲೇ ಇಲ್ಲ!

ಮಾನ್ಯರೆ,

2025ರಲ್ಲಿ ಹಿಂದಿ ಸಿನಿಮಾ ನಿರ್ದೇಶಕ ಗುರುದತ್ ಹುಟ್ಟಿ ನೂರು ವರ್ಷ ತುಂಬಿದಾಗ ಸಿಕ್ಕಿದ್ದನ್ನೆಲ್ಲ ಓದಿದೆ. ಹುಟ್ಟಿದ್ದು ಬೆಂಗಳೂರಾದರೂ ಮನೆಮಾತು ಕೊಂಕಣಿ, ಹಾಗಾಗಿ ನಮ್ಮ ಕರಾವಳಿಯವರಿಗೆ ಅವರ ಮೇಲೆ ಅಭಿಮಾನ ಸ್ವಲ್ಪ ಜಾಸ್ತಿ. ಆದರೆ ಅವರಿಗೆ ಕುಣಿತ ಕಲಿಸಿದ ಉದಯಶಂಕರ್ ಬಗ್ಗೆ ನನ್ನ ಕಣ್ಣಿಗೆ ಬಿದ್ದದ್ದು ಒಂದೆರಡು ಸಾಲು ಅಷ್ಟೇ.

ಈಗ್ಯಾಕೆ ಈ ಮಾತು ಅಂದರೆ, ನಮ್ಮೂರ ಹರಕೆ ಯಕ್ಷಗಾನ ಆಟದ ವಿಡಿಯೊ ಮೊನ್ನೆ ಕೈಗೆ ಬಂತು. ಯುದ್ಧದ ಪದ, ಚಂಡೆ ಏರಿದೆ, ವೇಷಧಾರಿ ಮಂಡಿ ಹಾಕಿ ಸುತ್ತುತ್ತಿದ್ದಾನೆ, ಆದರೆ ಕ್ಯಾಮೆರಾ ಮುಖ ಬಿಟ್ಟು ಕೆಳಗಿಳಿಯುವುದೇ ಇಲ್ಲ. ಕಿರೀಟ ಮಾತ್ರ ಬುಗುರಿ ಹಾಗೆ ಗಿರಗಿರ. ನಮ್ಮ ಅತ್ತೆ ಕೇಳಿದರು, 'ಕಾಲು ಎಲ್ಲಿ ಹೋಯ್ತೋ?'

ಉದಯಶಂಕರ್ ಲಂಡನ್ನಿಗೆ ಹೋಗಿದ್ದು ಚಿತ್ರಕಲೆ ಕಲಿಯಲು. 1923ರಲ್ಲಿ ರಷ್ಯಾದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ ಜೊತೆ ಕೃಷ್ಣನಾಗಿ ಕುಣಿದರು. ಆಮೇಲೆ ಹಿಮಾಲಯದ ಅಲ್ಮೋರಾದಲ್ಲಿ ಶಾಲೆ ಕಟ್ಟಿದರು. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನ್, ಇಷ್ಟೂ ಜನ ಒಂದೇ ಜಾಗದಲ್ಲಿ ಅಂದರೆ ಯೋಚಿಸಿ! ಗುರುದತ್ ಹದಿಹರೆಯದ ಹುಡುಗನಾಗಿದ್ದಾಗ ಸೇರಿದ್ದು ಅಲ್ಲಿಗೇ, ಮುಂದೆ ಸಿನಿಮಾದಲ್ಲಿ ಕೆಲಸ ಸಿಕ್ಕಿದ್ದೂ ನೃತ್ಯ ನಿರ್ದೇಶಕನಾಗಿ. ಎರಡನೇ ಮಹಾಯುದ್ಧದ ಕಾಲ, ದುಡ್ಡಿಲ್ಲದೆ ಶಾಲೆ ಮುಚ್ಚಿತು.

ಉದಯಶಂಕರ್ ಸುಮ್ನೆ ಕೂರಲಿಲ್ಲ. ಮದರಾಸಿನ ಜೆಮಿನಿ ಸ್ಟುಡಿಯೊದಲ್ಲಿ, ಹೆಂಡತಿ ಅಮಲಾ ಜೊತೆ ತಾವೇ ನಟಿಸಿ, ತಾವೇ ನಿರ್ದೇಶಿಸಿ 'ಕಲ್ಪನಾ' ಸಿನಿಮಾ ತೆಗೆದರು. ಬಂದದ್ದು 1948ರಲ್ಲಿ. ನೃತ್ಯಶಾಲೆ ಕಟ್ಟುವ ಕನಸಿರುವ ಕುಣಿತಗಾರನದೇ ಕಥೆ. ವೇದಿಕೆ ಮೇಲಿನ ಕುಣಿತದ ಮುಂದೆ ಕ್ಯಾಮೆರಾ ತಂದಿಟ್ಟದ್ದಲ್ಲ ಅದು, ಕ್ಯಾಮೆರಾಗೆಂದೇ ಹೊಸೆದ ಕುಣಿತ. ನೆರಳೂ ಅಲ್ಲಿ ಕುಣಿಯುತ್ತದೆ. ಹಣದ ಲೆಕ್ಕದಲ್ಲಿ ಸೋತಿತು, ಅದು ಬೇರೆ ಮಾತು. ಪ್ರಿಂಟ್ ಸರಿಪಡಿಸಿ 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಾನ್‌ಗೆ ಹೋಯಿತು, ಕಾರವಾರಕ್ಕೆ ಯಾವಾಗ?

ಕಾರವಾರದ ರಂಗಮಂದಿರದಲ್ಲೋ ಶಿರಸಿಯಲ್ಲೋ ಒಂದು ದಿನ 'ಕಲ್ಪನಾ' ಹಾಕಲಿ. ಮದುವೆ, ಆಟ ಅಂತ ಓಡಾಡುವ ವಿಡಿಯೊದವರನ್ನೂ ಮೇಳದ ಹುಡುಗರನ್ನೂ ಒಟ್ಟಿಗೆ ಕರೆಯಲಿ. ಯಾವ ಹೆಜ್ಜೆಗೆ ಕ್ಯಾಮೆರಾ ಎಲ್ಲಿರಬೇಕು ಅಂತ ಕುಣಿಯುವವನೇ ಹೇಳಲಿ, ಹೇಳಿದ್ದು ಅಲ್ಲೇ ಶೂಟ್ ಆಗಲಿ. ದೊಡ್ಡ ಖರ್ಚೇನಿಲ್ಲ ಅಲ್ವಾ? ನಮ್ಮೂರ ವಿಡಿಯೊದವನನ್ನು ಬೈಕಿನಲ್ಲಿ ನಾನೇ ಕೂರಿಸಿಕೊಂಡು ಬರುತ್ತೇನೆ.

– ಆಟದ ಹುಚ್ಚಿನ ಓದುಗ, ಹೊನ್ನಾವರ