ಅಂಗಿಯ ಬಣ್ಣ ಆಮೇಲೆ, ಮೊದಲು ಯಾವ ಕೆಲಸ ಬೇಕು ಅಂತ ಗೊತ್ತಿರಲಿ

ಮಾನ್ಯ ಸಂಪಾದಕರೇ,

ವಿಡಿಯೊ ಸಂದರ್ಶನಕ್ಕೆ ಹೇಗೆ ತಯಾರಾಗಬೇಕು ಅಂತ ಉದ್ಯೋಗ ಪುಟಗಳಲ್ಲಿ ಬರುವ ಸಲಹೆಗಳನ್ನು ನಾನು ತಪ್ಪದೆ ಓದುತ್ತೇನೆ. ತಿಳಿ ಬಣ್ಣದ ಅಂಗಿ ಹಾಕಿ, ಹಿಂದೆ ಖಾಲಿ ಗೋಡೆ ಇರಲಿ, ಮುಖದಲ್ಲಿ ನಗು ಇರಲಿ ಅಂತೆಲ್ಲ ಬರೆದಿರುತ್ತಾರೆ. ತಪ್ಪೇನಿಲ್ಲ. ಆದರೆ 2020ರಿಂದ ಈಚೆಗೆ ನಾನು ಆಯ್ಕೆ ಸಮಿತಿಯಲ್ಲಿ ಕೂತು ನೂರಾರು ಅಭ್ಯರ್ಥಿಗಳನ್ನು ಪರದೆಯ ಮೇಲೆ ಮಾತಾಡಿಸಿದ್ದೇನೆ. ಅಂಗಿಯ ಬಣ್ಣಕ್ಕೆ ಕೆಲಸ ತಪ್ಪಿದವರು ಒಬ್ಬರೂ ನೆನಪಿಲ್ಲ. 'ಈ ಕೆಲಸವೇ ಯಾಕೆ ಬೇಕು?' ಅಂದಾಗ ತಡವರಿಸಿ ಕೆಲಸ ಕಳೆದುಕೊಂಡವರು ಮಾತ್ರ ಬೇಕಾದಷ್ಟು ಜನ. ಅವರಲ್ಲಿ ಎಷ್ಟೋ ಮಂದಿ ಜಾಣರು. ಅದಕ್ಕೇ ಸಂಕಟ ಆಗುತ್ತದೆ.

ಗುರಿ ಏನು ಅಂತ ಕೇಳಿದರೆ 'ಐಟಿ ಕಡೆ ಹೋಗಬೇಕು', 'ಒಳ್ಳೆ ಕಂಪನಿ ಸೇರಬೇಕು', 'ಯಾವ ಕೆಲಸ ಕೊಟ್ಟರೂ ಮಾಡ್ತೀನಿ ಸಾರ್' ಅನ್ನುತ್ತಾರೆ. ಕೊನೆಯದನ್ನು ವಿನಯದಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಆದರೆ ಕೇಳುವವರ ಕಿವಿಗೆ ಅದು 'ನಿಮ್ಮ ಕೆಲಸದ ಬಗ್ಗೆ ನಾನು ಯೋಚಿಸಿಯೇ ಇಲ್ಲ' ಅಂತ ಬೀಳುತ್ತದೆ. ಒಂದೇ ಕೋಣೆಯಲ್ಲಿ ಕೂತಿದ್ದರೆ ಎದುರಿನವರ ಮುಖ ನೋಡಿ ಮಾತು ತಿದ್ದಿಕೊಳ್ಳಬಹುದು. ವಿಡಿಯೊದಲ್ಲಿ ಮುಖ ಬೆಂಕಿಪೊಟ್ಟಣದಷ್ಟು ಕಾಣುತ್ತದೆ, ದನಿ ಅರೆಕ್ಷಣ ತಡವಾಗಿ ಬರುತ್ತದೆ, ಅವರು ತಲೆಯಾಡಿಸಿದರೂ ಗೊತ್ತಾಗುವುದಿಲ್ಲ, ಹಾಗಾಗಿ ಗೊತ್ತುಗುರಿ ಇಲ್ಲದ ಉತ್ತರ ಎಳೆದಷ್ಟೂ ಉದ್ದವಾಗುತ್ತಾ ಹೋಗುತ್ತದೆ.

ನನ್ನ ಅಕ್ಕನ ಮಗಳಿಗೂ ಹೀಗೇ ಆಗಿತ್ತು. ಒಂದೇ ರೆಸ್ಯೂಮೆಯನ್ನು ಕಂಡಕಂಡಲ್ಲಿಗೆಲ್ಲ ಕಳಿಸುತ್ತಿದ್ದಳು. ಐದು ಸಂದರ್ಶನ ಆದವು, ಒಂದೂ ಕೈಗೂಡಲಿಲ್ಲ. ಆಮೇಲೆ ನಾವಿಬ್ಬರೂ ಕೂತು 20 ಜಾಹೀರಾತು ತೆಗೆದುಕೊಂಡೆವು. ಹುದ್ದೆಯ ಹೆಸರು ಮುಚ್ಚಿ, ದಿನಾ ಏನು ಮಾಡಬೇಕು ಅಂತ ಬರೆದಿದ್ದನ್ನಷ್ಟೇ ಓದಿದೆವು. ಇಷ್ಟವಾದದ್ದಕ್ಕೆ ಒಂದು ಗುರುತು, ಬೇಡವಾದದ್ದಕ್ಕೆ ಇನ್ನೊಂದು. ಹುದ್ದೆಯ ಹೆಸರನ್ನು ನಂಬುವ ಹಾಗೇ ಇಲ್ಲ ಅಂತ ಆಗ ಅವಳಿಗೆ ಗೊತ್ತಾಯಿತು. ಡೇಟಾ ಅನಲಿಸ್ಟ್ ಅಂದರೆ ಒಂದು ಕಡೆ ಇಡೀ ದಿನ ಎಕ್ಸೆಲ್‌ನಲ್ಲಿ ವರದಿ ತಯಾರಿಸುವುದು, ಇನ್ನೊಂದು ಕಡೆ ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಕೋಡ್ ಬರೆಯುವುದು, ಮತ್ತೊಂದು ಕಡೆ ಗ್ರಾಹಕರಿಗೆ ಲೆಕ್ಕ ವಿವರಿಸುವುದು. ಎರಡು ಸಂಜೆ ಕಳೆಯುವಷ್ಟರಲ್ಲಿ ಅವಳ ಗುರುತುಗಳೆಲ್ಲ ಒಂದೇ ಕಡೆ ವಾಲಿದ್ದವು. ತಪ್ಪು ಹುಡುಕುವುದು, ಅದು ಯಾಕೆ ಆಯಿತು ಅಂತ ಬರೆದಿಡುವುದು. ಅಂದರೆ ಸಾಫ್ಟ್‌ವೇರ್ ಟೆಸ್ಟಿಂಗ್. ಆ ಕೆಲಸದಲ್ಲೇ ಇರುವ ಒಬ್ಬರ ಹತ್ತಿರ 15 ನಿಮಿಷ ಮಾತಾಡಿದಳು. 'ಇದರಲ್ಲಿ ಬೇಜಾರಾಗೋದು ಯಾವುದು ಅಂತ ಕೇಳು' ಅಂದಿದ್ದೆ. ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುವುದು ಅಂದರಂತೆ. ಅದು ಗೊತ್ತಾದ ಮೇಲೂ ಅವಳ ಆಸೆ ಕಮ್ಮಿ ಆಗಲಿಲ್ಲ. ಕೆಲಸ ಕೂಡಲೇ ಸಿಕ್ಕಿತು ಅಂತೇನಲ್ಲ, ಇನ್ನೂ ಎರಡು ಕಡೆ ಆಗಲಿಲ್ಲ, ಮೂರನೆಯದು ಆಯಿತು. ಆದರೆ ಆ ಮೂರರಲ್ಲೂ ಅವಳು ತಡವರಿಸಲಿಲ್ಲ.

ಬೇಡದ್ದನ್ನೂ ಬರೆದಿಡಿ. ರಾತ್ರಿ ಪಾಳಿ ಬೇಡ, ಫೋನಿನಲ್ಲಿ ಮಾರಾಟ ಬೇಡ ಅನ್ನುವುದರಲ್ಲಿ ನಾಚಿಕೆ ಏನಿದೆ?

ಇಷ್ಟಾದ ಮೇಲೆ ಉತ್ತರಗಳ ತಯಾರಿ ಅರ್ಧ ಮುಗಿದ ಹಾಗೆ. ಜಾಹೀರಾತಿನ ಒಂದೊಂದು ಬೇಡಿಕೆಗೂ ನಿಮ್ಮದೇ ಒಂದು ಘಟನೆ ಹುಡುಕಿ. ಏನು ತೊಂದರೆ ಇತ್ತು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು, ಇಷ್ಟು ಬಂದರೆ ಸಾಕು. ಒಂದೂವರೆ ನಿಮಿಷ ಮೀರದಿರಲಿ. ಬಾಯಿಪಾಠ ಮಾಡಬೇಡಿ. ಪರದೆ ನೋಡಿ ಓದುವುದಂತೂ ಬೇಡವೇ ಬೇಡ, ಎಐ ಬರೆದುಕೊಟ್ಟದ್ದನ್ನು ಓದುವವರ ಕಣ್ಣು ಎಡದಿಂದ ಬಲಕ್ಕೆ ಓಡುವುದು ನಮಗೆ ಚೆನ್ನಾಗಿ ಕಾಣುತ್ತದೆ. ಮರೆವಿನ ಭಯ ಇದ್ದರೆ ನಾಲ್ಕೈದು ಪದ ದಪ್ಪಕ್ಷರದಲ್ಲಿ ಬರೆದು ಕ್ಯಾಮೆರಾ ಪಕ್ಕ ಅಂಟಿಸಿಕೊಳ್ಳಿ.

ಇನ್ನು ಯಂತ್ರದ ವಿಚಾರ. ಕಿಟಕಿ ಬೆನ್ನ ಹಿಂದಿದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪು ಮಾಡುತ್ತದೆ, ಕಿಟಕಿಗೆ ಮುಖ ಮಾಡಿ ಕೂರಿ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ಪುಸ್ತಕ ಇಟ್ಟರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬ್ಲೂಟೂತ್ ಇಯರ್‌ಫೋನ್‌ಗಿಂತ ವೈರ್ ಇರುವುದೇ ವಾಸಿ, ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಎಷ್ಟೋ ಸಲ ದನಿಯ ಗುಣಮಟ್ಟ ಇಳಿಯುತ್ತದೆ. ಇಂಟರ್ನೆಟ್ ಸ್ಪೀಡ್ ನೋಡುವಾಗ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ, ಆದರೆ ನಿಮ್ಮ ಮುಖ ಅವರಿಗೆ ಹೋಗುವುದು ಅಪ್‌ಲೋಡ್‌ನಲ್ಲಿ. ಝೂಮ್‌ನಲ್ಲಿ ಇಬ್ಬರ ಕರೆ 720ಪಿ, ಅಂದರೆ ಎಚ್‌ಡಿ ಗುಣಮಟ್ಟದಲ್ಲಿ ನಡೆಯಲು ಸುಮಾರು 1.2 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಸ್ಪೀಡ್ ಬೇಕು. ಆ ಹೊತ್ತಿನಲ್ಲಿ ಮನೆಯವರು ಸಿನಿಮಾ ನೋಡದಿದ್ದರೆ ಒಳ್ಳೆಯದು. ಫೋನಿನ ಹಾಟ್‌ಸ್ಪಾಟ್ ತಯಾರಾಗಿಟ್ಟುಕೊಳ್ಳಿ.

ಹೆಚ್ಚು ಜನ ಕಂಗಾಲಾಗುವುದು ಎದುರಿಗೆ ಯಾರೂ ಇಲ್ಲದ ರೆಕಾರ್ಡ್ ಸಂದರ್ಶನದಲ್ಲಿ. ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಯೋಚಿಸಲು ಕೆಲವೇ ಸೆಕೆಂಡು, ಆಮೇಲೆ ಗಡಿಯಾರ ಓಡುತ್ತದೆ. ಕೆಲವು ಕಡೆ ಒಂದೇ ಅವಕಾಶ. ಇದಕ್ಕೆ ಫೋನಿನಲ್ಲಿ ರೆಕಾರ್ಡ್ ಮಾಡಿ ಅಭ್ಯಾಸ ಮಾಡುವುದೊಂದೇ ದಾರಿ. ಒಮ್ಮೆ ದನಿ ಮುಚ್ಚಿ ಬರೀ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ.

ಕಂಪನಿಗಳಿಗೂ ನನ್ನ ಮಾತು ಇದೆ. ಸಂದರ್ಶನ ನೇರವೋ ರೆಕಾರ್ಡೋ, ಎಷ್ಟು ಅವಕಾಶ, ಉತ್ತರವನ್ನು ಅಳೆಯುವುದು ಮನುಷ್ಯರೋ ಎಐಯೋ ಅಂತ ಮೊದಲೇ ಹೇಳಬೇಕು ಅಲ್ವಾ? ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2020ರ ಜನವರಿಯಿಂದ ಇದಕ್ಕೆ ಕಾನೂನೇ ಇದೆ. ವಿಡಿಯೊವನ್ನು ಎಐ ಪರಿಶೀಲಿಸುವುದಾದರೆ ಅಭ್ಯರ್ಥಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಅವರು ಕೇಳಿಕೊಂಡರೆ 30 ದಿನದೊಳಗೆ ವಿಡಿಯೊ ಅಳಿಸಬೇಕು. ವಿಡಿಯೊ ಸಂದರ್ಶನದ ಸಾಫ್ಟ್‌ವೇರ್ ಒದಗಿಸುವುದರಲ್ಲಿ ದೊಡ್ಡ ಹೆಸರಾದ ಕಂಪನಿ ಹೈರ್‌ವ್ಯೂ ಕೂಡ ಮುಖಭಾವ ಅಳೆಯುವುದನ್ನು ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ಹೇಳಿತು. ಕಾನೂನು ಇಲ್ಲದ ಕಡೆಯೂ ಇಷ್ಟನ್ನು ಒಂದು ಇಮೇಲ್‌ನಲ್ಲಿ ಬರೆದು ಕಳಿಸುವುದು ಕಷ್ಟದ ಕೆಲಸವಲ್ಲ. ಅಭ್ಯರ್ಥಿಗಳೂ ಹಿಂಜರಿಯದೆ ಕೇಳಲಿ, ಕೇಳಿದ್ದಕ್ಕೆ ನಾವು ಯಾರನ್ನೂ ಕೈಬಿಟ್ಟಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಉದ್ಯೋಗ ಪುಟದಲ್ಲಿ ವಾರಕ್ಕೊಬ್ಬರ ಕೈಲಿ ಅವರ ಕೆಲಸದ ಒಂದು ಮಾಮೂಲಿ ದಿನ ಹೇಗಿರುತ್ತದೆ ಅಂತ ಬರೆಸಿ. ಬೆಳಗ್ಗೆ ಮೊದಲು ಏನು ಮಾಡುತ್ತಾರೆ, ಯಾವುದು ಖುಷಿ, ಯಾವುದು ಬೇಜಾರು, ಅಷ್ಟು ಇರಲಿ. ಪರಿಚಯದವರು ಯಾರೂ ಆ ಕೆಲಸದಲ್ಲಿ ಇಲ್ಲದ ಮಕ್ಕಳು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಇಂತಿ,
ನಿಮ್ಮ ಹಳೆಯ ಓದುಗ