ಚಿನ್ನದ ಬಣ್ಣದಡಿ ಮುಚ್ಚಿಹೋಗುವ ಕಲೆ

ಮಾನ್ಯರೇ,

ಬಳಸಿ ಬಿಸಾಡಿದ ವಸ್ತುಗಳಿಂದ ರೂಪುಗೊಂಡ ಎಲ್ಲ ಕೃತಿಗಳಿಗೂ ‘ಕಸದಿಂದ ರಸ’ ಎಂಬ ಒಂದೇ ಹಣೆಪಟ್ಟಿ ಹಚ್ಚುವ ರೂಢಿಯ ಬಗ್ಗೆ ಈ ಪತ್ರ. ಇತ್ತೀಚೆಗೆ ನೋಡಿದ ವಿದ್ಯಾರ್ಥಿಗಳ ಪ್ರದರ್ಶನವೊಂದರಲ್ಲಿ ಹಳೆಯ ಚಪ್ಪಲಿಗಳನ್ನು ಜೋಡಿಸಿ ಮಾಡಿದ ಕೃತಿಯೊಂದಿತ್ತು. ಅದಕ್ಕೆ ಪೂರ್ತಿ ಚಿನ್ನದ ಬಣ್ಣ ಬಳಿದಿದ್ದರು. ಬಗ್ಗಿ ನೋಡಿದಾಗಷ್ಟೇ, ಒಂದು ಚಪ್ಪಲಿಯ ಹಿಮ್ಮಡಿ ಹೊರಬದಿಗೆ ಮಾತ್ರ ಸವೆದಿರುವುದೂ ಬೆರಳುಗಳು ಊರಿದ ಕಡೆ ಕುಳಿ ಬಿದ್ದಿರುವುದೂ ಕಾಣಿಸಿತು. ಮೆಟ್ಟಿದವರ ನಡಿಗೆಯೇ ಅಲ್ಲಿ ಉಳಿದಿತ್ತು. ತೀರ್ಪುಗಾರರು ಮೆಚ್ಚಿದ್ದು ಮಾತ್ರ, ಅದು ಚಪ್ಪಲಿಯೆಂದೇ ಗೊತ್ತಾಗದಂತೆ ಮಾಡಿದ ಅಚ್ಚುಕಟ್ಟನ್ನು. ನನಗೆ ನಿಜಕ್ಕೂ ಸಂಕಟವಾಯಿತು.

ಹಳೆಯ ಬಾಟಲಿಯನ್ನು ಹೂದಾನಿಯಾಗಿಸುವ ಕೈಕೆಲಸ ಒಳ್ಳೆಯದೇ. ಆದರೆ ರೂಪದ ಅಂದಕ್ಕಿಂತ ಆಲೋಚನೆಗೇ ಹೆಚ್ಚು ಬೆಲೆ ಕೊಡುವ ಪರಿಕಲ್ಪನಾ ಕಲೆಯಲ್ಲಿ ವಸ್ತುವಿನ ಹಿಂದಿನ ಬದುಕೇ ಆಲೋಚನೆಯ ಬೇರು. ಫ್ರೆಂಚ್ ಕಲಾವಿದ ಮಾರ್ಸೆಲ್ ಡುಶಾಂಪ್ 1917ರಲ್ಲಿ ಮೂತ್ರಪಾತ್ರೆಯೊಂದಕ್ಕೆ ‘ಆರ್. ಮಟ್’ ಎಂಬ ಕಲ್ಪಿತ ಹೆಸರಿನಲ್ಲಿ ಸಹಿ ಮಾಡಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳುಹಿಸಿದಾಗ, ಅದು ಮೂತ್ರಪಾತ್ರೆಯೆಂದು ಗುರುತು ಸಿಗದಿದ್ದರೆ ಕಲೆ ಎಂದರೇನು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಸೇರಿಸಿ ಮಾಡಿದ ಗೂಳಿಯ ತಲೆಯ ಸೊಗಸೂ ಸೀಟು ಸೀಟಾಗಿಯೇ ಕಾಣುತ್ತ ಗೂಳಿಯೂ ಆಗುವುದರಲ್ಲಿದೆ.

ಘಾನಾ ಮೂಲದ ಕಲಾವಿದ ಎಲ್ ಅನಾಟ್ಸುಯಿ ಅವರ ಕೃತಿಗಳಂತೂ ಈ ಮಾತಿಗೆ ದೊಡ್ಡ ಆಧಾರ. ಮದ್ಯದ ಬಾಟಲಿಗಳ ಸಾವಿರಾರು ಲೋಹದ ಮುಚ್ಚಳಗಳನ್ನು ತಟ್ಟಿ, ಮಡಿಚಿ, ತೂತು ಕೊರೆದು ತಾಮ್ರದ ತಂತಿಯಿಂದ ಹೆಣೆದ ಅವು ದೂರದಿಂದ ರಾಜವಸ್ತ್ರದಂತೆ ಹೊಳೆಯುತ್ತವೆ. ಹತ್ತಿರ ಹೋದರೆ ಮದ್ಯದ ಹೆಸರುಗಳನ್ನು ಓದಬಹುದು. ಯುರೋಪಿನ ವ್ಯಾಪಾರಿಗಳು ಆಫ್ರಿಕಕ್ಕೆ ತಂದ ಮದ್ಯ, ಅದರೊಂದಿಗೆ ಹೆಣೆದುಕೊಂಡ ಗುಲಾಮರ ವ್ಯಾಪಾರ, ಎಲ್ಲವೂ ಆ ಅಕ್ಷರಗಳಿಂದಲೇ ನೆನಪಿಗೆ ಬರುತ್ತವೆ. ಅವುಗಳ ಮೇಲೆ ಬಣ್ಣ ಬಳಿದಿದ್ದರೆ ಆ ಚರಿತ್ರೆಯೂ ಅಳಿಸಿಹೋಗುತ್ತಿತ್ತು.

ಆದ್ದರಿಂದ ಸ್ಪರ್ಧೆಗಳನ್ನು ಏರ್ಪಡಿಸುವವರಲ್ಲಿ ನನ್ನ ಕಳಕಳಿಯ ವಿನಂತಿ: ಅಚ್ಚುಕಟ್ಟಿಗೆ ಮೀಸಲಿಟ್ಟ ಅಂಕಗಳಲ್ಲಿ ಸ್ವಲ್ಪವನ್ನಾದರೂ, ಈ ವಸ್ತು ಎಲ್ಲಿ ಸಿಕ್ಕಿತು, ಏನಾಗಿತ್ತು, ಅದನ್ನೇ ಏಕೆ ಆರಿಸಿಕೊಂಡೆ ಎಂದು ವಿದ್ಯಾರ್ಥಿ ಬರೆಯುವ ನಾಲ್ಕು ಸಾಲಿಗೆ ಕೊಡಿ. ತುಕ್ಕು, ಬಿರುಕು, ಹೊಲಿಗೆಯ ತೇಪೆಗಳನ್ನು ದೋಷವೆಂದು ಎಣಿಸಬೇಡಿ.

– ಒಬ್ಬ ಕಲಾಸಕ್ತ ಓದುಗ