ಕಟ್ಟಡ ನೋಡುವುದಕ್ಕೂ ಬಿಡುವು ಬೇಕು

ಮಾನ್ಯ ಸಂಪಾದಕರೇ,

ವಿದೇಶ ಪ್ರವಾಸದಲ್ಲಿ ಹೋಟೆಲಿಗೆ ಧಾರಾಳವಾಗಿ ಖರ್ಚು ಮಾಡುವ ನಾವು ಗೈಡ್ ವಿಷಯದಲ್ಲಿ ಕೈ ಬಿಗಿ ಹಿಡಿಯುವುದು ಸರಿಯಲ್ಲ ಎಂಬುದು, ಸ್ಪೇನಿನ ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಆಂಟೊನಿ ಗೌಡಿಯವರ ಕಟ್ಟಡಗಳನ್ನು ಖಾಸಗಿ ಗೈಡ್ ಜೊತೆ ನೋಡಿದ ನನ್ನ ದೃಢ ಅಭಿಪ್ರಾಯ. ಕಾಸಾ ಮಿಲಾ ಕಟ್ಟಡದ ತಾರಸಿಯ ಕೆಳಗಿನ ಅಂತಸ್ತಿನಲ್ಲಿ ಇಟ್ಟಿಗೆಯ 270 ಕಮಾನುಗಳಿವೆ. ದೊಡ್ಡ ಗುಂಪುಗಳು ಅವನ್ನು ದಾಟಿ ಮೇಲಿನ ಚಿಮಣಿಗಳತ್ತ ಧಾವಿಸುತ್ತಿದ್ದಾಗ, ನಮ್ಮ ಗೈಡ್ ಅಲ್ಲೇ ನಿಂತು, ತಮ್ಮ ಕೊರಳ ಸರವನ್ನು ತೆಗೆದು ಎರಡೂ ತುದಿ ಹಿಡಿದು ಇಳಿಬಿಟ್ಟು, ಹೀಗೆ ಜೋತ ಆಕಾರವನ್ನು ತಲೆಕೆಳಗು ಮಾಡಿದರೆ ತನ್ನ ಭಾರವನ್ನು ತಾನೇ ಸರಾಗವಾಗಿ ಹೊರುವ ಕಮಾನು ಸಿಗುತ್ತದೆಂದು ತೋರಿಸಿದರು. 1882ರಲ್ಲಿ ನಿರ್ಮಾಣ ಆರಂಭವಾದ ಸಗ್ರಾದಾ ಫಮಿಲಿಯಾ ಚರ್ಚಿನೊಳಗೆ, ಮರದಂತೆ ಕವಲೊಡೆದ ಕಂಬಗಳು ಬರೀ ಅಲಂಕಾರವಲ್ಲ, ಚಾವಣಿಯ ಭಾರವನ್ನು ಹಂಚಿಕೊಳ್ಳುವ ಉಪಾಯವೆಂದು ಆಮೇಲೆ ಸುಲಭವಾಗಿ ಅರ್ಥವಾಯಿತು. ಅಲ್ಲಿನ ಪೂರ್ವದ ಕಿಟಕಿಗಾಜುಗಳು ನೀಲಿ-ಹಸಿರು, ಪಶ್ಚಿಮದವು ಕೆಂಪು-ಕಿತ್ತಳೆ. ಬಿಸಿಲು ಯಾವ ದಿಕ್ಕಿನಿಂದ ಬೀಳುತ್ತದೆ ಎಂಬುದರ ಮೇಲೆ ಒಳಗಿನ ಬೆಳಕಿನ ಬಣ್ಣ ಬದಲಾಗುವುದರಿಂದ, ಹೋಗುವ ಹೊತ್ತೂ ಮುಖ್ಯ.

ನಮ್ಮ ಪ್ರವಾಸ ಸಂಸ್ಥೆಗಳು ಒಂದೇ ದಿನಕ್ಕೆ ಹತ್ತಾರು ಜಾಗಗಳನ್ನು ತುರುಕುವ ಬದಲು, ಪ್ರತಿ ಕಟ್ಟಡಕ್ಕೆ ಎಷ್ಟು ಸಮಯ ಮೀಸಲು, ಗೈಡ್‌ಗೆ ವಾಸ್ತುಶಿಲ್ಪದ ತಿಳಿವಳಿಕೆ ಇದೆಯೇ, ಪ್ರವೇಶ ಶುಲ್ಕ ಸೇರಿದೆಯೇ ಎಂಬುದನ್ನು ಮೊದಲೇ ಲಿಖಿತವಾಗಿ ತಿಳಿಸಬೇಕೆಂದು ಆಗ್ರಹಿಸುತ್ತೇನೆ.

– ಓರ್ವ ಓದುಗ